ಸೆಕೆಗೆ ಒಂದು ಎಸಿ, ಝಳಕ್ಕೆ ಇನ್ನೊಂದು: ಬ್ರಾಂಡ್ ಕೇಳುವ ಮೊದಲು ಊರು ನೋಡಿ

ಮಾರ್ಚ್ ತಿಂಗಳು ಬಂತೆಂದರೆ ಮನೆಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: “ಎಸಿ ತೆಗೆಯಲಿಕ್ಕಿದೆ, ಯಾವ ಕಂಪೆನಿಯದ್ದು ಒಳ್ಳೆಯದು?” ಉತ್ತರಗಳಿಗೂ ಬರವಿಲ್ಲ. ಗಲ್ಫ್‌ನಲ್ಲಿರುವ ಅಣ್ಣ ಒಂದು ಹೆಸರು ಹೇಳುತ್ತಾನೆ, ಬೆಂಗಳೂರಿನ ಭಾವ ಇನ್ನೊಂದು ಹೇಳುತ್ತಾನೆ, ಅಂಗಡಿಯ ಹುಡುಗ ಆ ತಿಂಗಳು ಯಾವುದಕ್ಕೆ ಕಮಿಷನ್ ಜಾಸ್ತಿಯೋ ಅದನ್ನು ಮುಂದಿಡುತ್ತಾನೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಎಸಿ ಎಲ್ಲಿ ಕೂರಬೇಕು ಎಂದು ಮೂವರಲ್ಲಿ ಒಬ್ಬರೂ ಕೇಳಿರುವುದಿಲ್ಲ.

ಕರಾವಳಿಯಲ್ಲಿ ಬೇಸಗೆಯ ಸಂಕಟಕ್ಕೆ ‘ಸೆಕೆ’ ಎನ್ನುತ್ತಾರೆ. ಬಳ್ಳಾರಿ ಕಡೆಯವರು ‘ಝಳ’ ಎನ್ನುತ್ತಾರೆ. ಎರಡೂ ಕನ್ನಡವೇ, ಎರಡೂ ಬೇಸಗೆಯದ್ದೇ, ಆದರೆ ಒಂದೇ ಸಂಗತಿಯ ಎರಡು ಹೆಸರುಗಳಲ್ಲ. ಸೆಕೆಯಲ್ಲಿ ಬೆವರು ಇಳಿಯುತ್ತದೆ, ಒಣಗುವುದಿಲ್ಲ. ಝಳದಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ತುಟಿ ಒಡೆಯುತ್ತದೆ, ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಈ ಎರಡಕ್ಕೂ ಒಂದೇ ಯಂತ್ರ ಒಂದೇ ರೀತಿ ಕೆಲಸ ಮಾಡೀತು ಎಂದು ನಂಬಿ ಮನೆಯವರು 40 ಸಾವಿರ ರೂಪಾಯಿ ಖರ್ಚು ಮಾಡುತ್ತಾರೆ.

ಝಳದ ಊರಿಗೆ ಉದಾಹರಣೆಯಾಗಿ ಹಾಲಹರವಿಯನ್ನೇ ತೆಗೆದುಕೊಳ್ಳೋಣ. ಬಳ್ಳಾರಿಯಿಂದ ಆಲೂರು, ಆದೋನಿ ಕಡೆಗೆ ಹೋಗುವ ದಾರಿಯಲ್ಲಿ ಗಡಿ ದಾಟಿದರೆ ಸಿಗುವ ಊರು ಇದು. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನ ಮಂಡಲ ಕೇಂದ್ರ. ವೇದಾವತಿ, ಅಂದರೆ ಅಲ್ಲಿಯ ಜನರ ಬಾಯಲ್ಲಿ ಹಗರಿ, ಹತ್ತಿರದಲ್ಲೇ ಹರಿಯುತ್ತದೆ. ಕಪ್ಪು ಎರೆಮಣ್ಣಿನ ಹೊಲ, ಹತ್ತಿ, ಮೆಣಸಿನಕಾಯಿ. ಕನ್ನಡವೂ ತೆಲುಗೂ ಒಂದೇ ಮನೆಯಲ್ಲಿ ನಡೆಯುತ್ತವೆ. ದೊಡ್ಡ ಖರೀದಿ ಇದ್ದರೆ ಬಳ್ಳಾರಿಗೋ ಆದೋನಿಗೋ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಮಂಗಳೂರಿನಲ್ಲಿ 36 ಡಿಗ್ರಿ ಆದರೆ ಅದು ಮರುದಿನದ ಮುಖಪುಟ.

ಹಾಗಾದರೆ ಹಾಲಹರವಿಯೇ ಹೆಚ್ಚು ಕಷ್ಟ ಎನ್ನಬಹುದೇ? ಅಷ್ಟು ಸುಲಭವಾಗಿ ಹೇಳಲಿಕ್ಕಾಗುವುದಿಲ್ಲ.

ಮಣ್ಣಿನ ಕೊಡ ಹೇಳುವ ಲೆಕ್ಕ

ಬಳ್ಳಾರಿ ಕಡೆಯ ಮನೆಯ ಮಣ್ಣಿನ ಕೊಡದ ನೀರು ಮೇ ತಿಂಗಳಲ್ಲೂ ಹಲ್ಲು ಜುಮ್ ಎನ್ನುವಷ್ಟು ತಣ್ಣಗಿರುತ್ತದೆ. ಅದೇ ಕೊಡವನ್ನು ಉಳ್ಳಾಲಕ್ಕೆ ತಂದಿಟ್ಟರೆ ನೀರು ಸುಮ್ಮನೆ ನೀರಾಗಿಯೇ ಇರುತ್ತದೆ. ಕೊಡದ ಮೈಯಿಂದ ನೀರು ಆವಿಯಾಗಿ ಹೋಗುವಾಗ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ಗಾಳಿ ಒಣಗಿದ್ದರೆ ಆವಿ ಬೇಗ ಹೋಗುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಆವಿಗೆ ಹೋಗಲು ಜಾಗವಿಲ್ಲ. ಮನುಷ್ಯನ ಬೆವರಿಗೂ ಇದೇ ನಿಯಮ.

ಲೆಕ್ಕದಲ್ಲಿ ನೋಡಿದರೆ, 42 ಡಿಗ್ರಿ ಬಿಸಿಲು ಮತ್ತು ಶೇ. 20 ತೇವಾಂಶ ಇರುವ ಗಾಳಿಯನ್ನು ನೀರಿನ ಆವಿಯಿಂದ ಸುಮಾರು 23 ಡಿಗ್ರಿಯವರೆಗೆ ತಣಿಸುವ ಸಾಧ್ಯತೆ ಇದೆ. 34 ಡಿಗ್ರಿ ಬಿಸಿಲು ಮತ್ತು ಶೇ. 70 ತೇವಾಂಶ ಇರುವ ಕರಾವಳಿಯ ಗಾಳಿಯನ್ನು ಎಷ್ಟೇ ನೀರು ಚಿಮುಕಿಸಿದರೂ 29 ಡಿಗ್ರಿಗಿಂತ ಕೆಳಗೆ ತರಲಾಗದು.

ಆದ್ದರಿಂದ ಹಾಲಹರವಿಯ ಮನೆಯವರು ಎಸಿ ಅಂಗಡಿಗೆ ಹೋಗುವ ಮೊದಲು ಯೋಚಿಸಬೇಕಾದದ್ದು ಕೂಲರ್ ಬಗ್ಗೆ. ಒಳ್ಳೆಯ ಪ್ಯಾಡ್ ಇರುವ ದೊಡ್ಡ ಡೆಸರ್ಟ್ ಕೂಲರ್ ಅಲ್ಲಿನ ಮಧ್ಯಾಹ್ನದ 42 ಡಿಗ್ರಿ ಗಾಳಿಯನ್ನು 27-28 ಡಿಗ್ರಿಗೆ ಇಳಿಸಿ ಕೊಡಬಲ್ಲದು. ಬೆಲೆ ಎಸಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಕರೆಂಟ್ ಎರಡು ಮೂರು ಫ್ಯಾನ್‌ಗಳಷ್ಟು. ವಿದ್ಯುತ್ ಹೋದಾಗ ಮನೆಯ ಬ್ಯಾಟರಿ ಇನ್ವರ್ಟರ್‌ನಲ್ಲೂ ಓಡುತ್ತದೆ, ಎಸಿ ಓಡುವುದಿಲ್ಲ. ಎರಡು ಷರತ್ತುಗಳಿವೆ. ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಒಳಗೆ ತೇವ ತುಂಬಿ ಅರ್ಧ ಗಂಟೆಯಲ್ಲಿ ಮಂಗಳೂರೇ ಆಗಿಬಿಡುತ್ತದೆ. ಇನ್ನೊಂದು, ದಿನಕ್ಕೆ ಹಲವು ಕೊಡ ನೀರು ಬೇಕು. ಬೇಸಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಬೋರ್‌ವೆಲ್‌ನ ಗಡಸು ನೀರಾದರೆ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟಿ ಒಂದೆರಡು ವರ್ಷದಲ್ಲಿ ಬದಲಾಯಿಸಬೇಕಾಗುತ್ತದೆ.

ಅದೇ ಕೂಲರ್ ಅನ್ನು ದಕ್ಷಿಣ ಕನ್ನಡದ ಅಂಗಡಿಗಳಲ್ಲೂ “ಎಸಿಯಷ್ಟೇ ತಂಪು” ಎಂದು ಮಾರುವುದುಂಟು. ಕರಾವಳಿಯಲ್ಲಿ ಅದು ಒದ್ದೆ ಗಾಳಿ ಬೀಸುವ ದುಬಾರಿ ಫ್ಯಾನ್, ಅಷ್ಟೇ.

ಹಾಗೆಂದು ಹಾಲಹರವಿಗೆ ಎಸಿ ಬೇಡವೇ ಬೇಡ ಎಂದಲ್ಲ. ನೀರಿಲ್ಲದ ಮನೆ, ಹಾಸಿಗೆ ಹಿಡಿದ ವೃದ್ಧರು, ಎಳೆ ಮಗು ಇರುವ ಮನೆ, ರಾತ್ರಿಯಿಡೀ ಬಿಸಿ ಬಿಡುವ ಆರ್‌ಸಿಸಿ ಮನೆ, ಇಲ್ಲೆಲ್ಲ ಎಸಿ ಐಷಾರಾಮವಲ್ಲ. 40 ಡಿಗ್ರಿ ಮೀರಿದ ಮೇಲೆ ಫ್ಯಾನ್ ಗಾಳಿ ಮೈಯನ್ನು ತಣಿಸುವ ಬದಲು ಇನ್ನಷ್ಟು ಬಿಸಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸುತ್ತದೆ. ದಪ್ಪ ಕಲ್ಲುಗೋಡೆಯ, ಮಣ್ಣು ಹೊದಿಸಿದ ಹಳೆಯ ಮಾಳಿಗೆ ಮನೆಗಳು ಹಗಲಿನ ಝಳವನ್ನು ಒಳಗೆ ಬಿಡುತ್ತಿರಲಿಲ್ಲ. ಅವನ್ನು ಕೆಡವಿ ತಾರಸಿ ಹಾಕಿದವರಿಗೆ ಎಸಿ ಬೇಕಾಗುತ್ತದೆ. ತಾರಸಿಯ ಮೇಲೆ ದಪ್ಪಗೆ ಬಿಳಿ ಸುಣ್ಣ ಅಥವಾ ಬಿಳಿ ಕೂಲ್ ರೂಫ್ ಪೇಂಟ್ ಬಳಿದರೆ ಕೋಣೆಯ ಬಿಸಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಎಸಿ ಕೊಳ್ಳುವ ಮನೆಯೂ ಈ ಕೆಲಸವನ್ನು ಮೊದಲು ಮಾಡಿದರೆ ಎಸಿಯ ಹೊರೆ ಕಡಿಮೆಯಾಗುತ್ತದೆ.

35 ಡಿಗ್ರಿಯ ಪರೀಕ್ಷೆ, 43 ಡಿಗ್ರಿಯ ಊರು

ಎಸಿ ತಂಪನ್ನು ಹುಟ್ಟಿಸುವುದಿಲ್ಲ. ಕೋಣೆಯ ಶಾಖವನ್ನು ಹೊತ್ತುಕೊಂಡು ಹೋಗಿ ಹೊರಗೆ ಚೆಲ್ಲುತ್ತದೆ. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಸಾಗಿಸುವ ಶಕ್ತಿ. ಕರಾವಳಿಯಲ್ಲಿ ಈ ಶಕ್ತಿಯ ದೊಡ್ಡ ಪಾಲು ಗಾಳಿಯ ತೇವವನ್ನು ನೀರಾಗಿಸಿ ಹೊರಹಾಕಲಿಕ್ಕೇ ಖರ್ಚಾಗುತ್ತದೆ. ಪೈಪಿನಿಂದ ಬಕೆಟ್‌ಗೆ ತೊಟ್ಟಿಕ್ಕುವ ನೀರು ಅದೇ. ಹಾಲಹರವಿಯಲ್ಲಿ ತೇವದ ಕೆಲಸ ಕಡಿಮೆ, ಆದರೆ ಹೊರಗಿನ ಗಾಳಿಯೇ ಕಾದ ಹಂಚಿನಂತಿರುವಾಗ ಅದಕ್ಕೆ ಶಾಖ ಚೆಲ್ಲುವುದು ಕಷ್ಟ.

ಭಾರತದಲ್ಲಿ ಎಸಿಯ ಡಬ್ಬದ ಮೇಲೆ ಬರೆಯುವ ಟನ್ ಸಾಮರ್ಥ್ಯವನ್ನು ಅಳೆಯುವುದು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇದ್ದಾಗ. ಮಂಗಳೂರಿಗೆ ಇದು ಸರಿಯಾಗಿಯೇ ಹೊಂದುತ್ತದೆ. ಹಾಲಹರವಿಯ ಮೇ ತಿಂಗಳ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಹೊರಗಿನ ಬಿಸಿ ಏರಿದಂತೆ ತಂಪಿನ ಸಾಮರ್ಥ್ಯ ಇಳಿಯುತ್ತದೆ, ಎಳೆಯುವ ಕರೆಂಟ್ ಏರುತ್ತದೆ. ಒಂದೂವರೆ ಟನ್ ಎಂದು ಕೊಂಡದ್ದು ಆ ಹೊತ್ತಿಗೆ ಒಂದೂವರೆ ಟನ್ ಆಗಿರುವುದಿಲ್ಲ.

ಗಲ್ಫ್‌ನಲ್ಲಿ ದುಡಿದು ಬಂದವರ ಸಲಹೆಗೂ ಇಲ್ಲೊಂದು ಸೂಕ್ಷ್ಮವಿದೆ. ಅಂತಾರಾಷ್ಟ್ರೀಯ ಮಾನದಂಡದಲ್ಲಿ 35 ಡಿಗ್ರಿಯ ಪರೀಕ್ಷೆಗೆ ಟಿ-1 ಎಂದೂ 46 ಡಿಗ್ರಿಯ ಪರೀಕ್ಷೆಗೆ ಟಿ-3 ಎಂದೂ ಹೆಸರು. ಸೌದಿಯಂಥ ಕಡೆ ಮಾರುವ ಎಸಿಗಳು ಟಿ-3 ಲೆಕ್ಕಕ್ಕೂ ನಿಲ್ಲಬೇಕು. “ನಮ್ಮ ರೂಮಿನಲ್ಲಿ ಈ ಬ್ರಾಂಡ್ ಹಗಲು ರಾತ್ರಿ ಹತ್ತು ವರ್ಷ ಓಡಿತು” ಎಂಬ ಮಾತು ನಿಜವೇ ಇರಬಹುದು. ಆದರೆ ಅಲ್ಲಿ ಓಡಿದ ಮಾಡೆಲ್ ಬೇರೆ, ಇಲ್ಲಿ ಅದೇ ಹೆಸರಿನಲ್ಲಿ ಮಾರುವ ಮಾಡೆಲ್ ಬೇರೆ. ಅಲ್ಲಿ ಬಿಲ್ ಕಟ್ಟುತ್ತಿದ್ದದ್ದೂ ಹೆಚ್ಚಾಗಿ ಕಂಪೆನಿಯೇ. ಹಾಗಾಗಿ ಹೆಸರನ್ನಲ್ಲ, ಆ ಪ್ರಶ್ನೆಯನ್ನು ಗಲ್ಫ್‌ನಿಂದ ತರಬೇಕು: ಈ ಮಾಡೆಲ್ ಎಷ್ಟು ಡಿಗ್ರಿಯವರೆಗೆ ನಿಲ್ಲದೆ ಓಡುತ್ತದೆ, 43 ಅಥವಾ 46 ಡಿಗ್ರಿಯಲ್ಲಿ ಅದರ ಸಾಮರ್ಥ್ಯ ಎಷ್ಟು ಉಳಿಯುತ್ತದೆ? “52 ಡಿಗ್ರಿಯಲ್ಲೂ ಕೂಲಿಂಗ್” ಎಂಬ ಜಾಹೀರಾತು ಮೊದಲ ಪ್ರಶ್ನೆಗೆ ಉತ್ತರ, ಎರಡನೆಯದಕ್ಕಲ್ಲ. ಓಡುವುದು ಬೇರೆ, ತಣಿಸುವುದು ಬೇರೆ.

ಇದರಿಂದ ಟನ್ ಆಯ್ಕೆಯೂ ಬದಲಾಗುತ್ತದೆ. ಹತ್ತು ಅಡಿ ಅಗಲ ಹನ್ನೆರಡು ಅಡಿ ಉದ್ದದ ಮಲಗುವ ಕೋಣೆಗೆ ಕರಾವಳಿಯಲ್ಲಿ, ಮೇಲೆ ಇನ್ನೊಂದು ಮಹಡಿ ಇದ್ದರೆ, ಒಂದು ಟನ್ ಸಾಕು. ಹಾಲಹರವಿಯಲ್ಲಿ ಅದೇ ಕೋಣೆ ತಾರಸಿಯ ಕೆಳಗೆ, ಪಡುವಣ ಗೋಡೆಯ ಪಕ್ಕ ಇದ್ದರೆ ಒಂದೂವರೆ ಟನ್ ಬೇಕಾಗುತ್ತದೆ. ಕರಾವಳಿಯವರು “ಇರಲಿ, ದೊಡ್ಡದೇ ತೆಗೆಯುವ” ಎಂದು ಎರಡು ಟನ್ ತಂದರೆ ನಷ್ಟ. ದೊಡ್ಡ ಯಂತ್ರ ಕೋಣೆಯನ್ನು ಬೇಗ ತಣಿಸಿ ನಿಂತುಬಿಡುತ್ತದೆ, ತೇವ ಎಳೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ತಣ್ಣಗೂ ಇರುತ್ತದೆ, ಅಂಟಂಟೂ ಇರುತ್ತದೆ. ಹಾಸಿಗೆ, ಕಪಾಟಿನ ಬಟ್ಟೆ ಬೂಷ್ಟು ಹಿಡಿಯುವುದಕ್ಕೆ ಇದೂ ಒಂದು ಕಾರಣ. ಬೇಕಾದಂತೆ ವೇಗ ಇಳಿಸಿಕೊಳ್ಳುವ ಇನ್ವರ್ಟರ್ ಎಸಿಗಳಲ್ಲಿ ಈ ತೊಂದರೆ ಕಡಿಮೆ, ಪೂರ್ತಿ ಇಲ್ಲ ಎಂದಲ್ಲ.

ಹಾಗಾದರೆ ಬ್ರಾಂಡ್?

ಬ್ರಾಂಡ್‌ಗೆ ಬೆಲೆ ಇಲ್ಲ ಎಂದು ಹೇಳುವುದು ತಪ್ಪು. ಆದರೆ ಬ್ರಾಂಡ್ ಎಂದರೆ ಏನು ಎಂಬುದು ಗೊತ್ತಿರಬೇಕು. ಬ್ಲೂ ಸ್ಟಾರ್ 1943ರಲ್ಲಿ, ವೋಲ್ಟಾಸ್ 1954ರಲ್ಲಿ ಶುರುವಾದ ಭಾರತೀಯ ಕಂಪೆನಿಗಳು. ಜಪಾನಿನ ಡೈಕಿನ್‌ಗೆ ರಾಜಸ್ಥಾನದ ನೀಮರಾಣಾದಲ್ಲಿ ಮತ್ತು ಆಂಧ್ರದ ಶ್ರೀಸಿಟಿಯಲ್ಲಿ ಕಾರ್ಖಾನೆಗಳಿವೆ. ಲಾಯ್ಡ್ ಹೆಸರನ್ನು 2017ರಲ್ಲಿ ಹ್ಯಾವೆಲ್ಸ್ ಕೊಂಡುಕೊಂಡಿತು. ಹಿಟಾಚಿ ಹೆಸರಿನ ಎಸಿ ವ್ಯವಹಾರ 2025ರಲ್ಲಿ ಜರ್ಮನಿಯ ಬಾಷ್ ಕೈಸೇರಿತು. ಇದರ ಮೇಲೆ, ಹಲವು ಬ್ರಾಂಡ್‌ಗಳು ತಮ್ಮ ಎಸಿಗಳನ್ನು ಅಂಬರ್ ಎಂಟರ್‌ಪ್ರೈಸಸ್‌ನಂಥ ಕಂಪೆನಿಗಳಿಂದ ಮಾಡಿಸಿ ತಮ್ಮ ಹೆಸರು ಅಂಟಿಸುತ್ತವೆ. ಕಂಪ್ರೆಸರ್ ಕೂಡ ಎಷ್ಟೋ ಬ್ರಾಂಡ್‌ಗಳಿಗೆ ಬೆರಳೆಣಿಕೆಯ ತಯಾರಕರಿಂದಲೇ ಬರುತ್ತದೆ. ಅಂಗಡಿಯಲ್ಲಿ ಅಕ್ಕಪಕ್ಕ ತೂಗುವ ಎರಡು ‘ಪ್ರತಿಸ್ಪರ್ಧಿ’ ಎಸಿಗಳು ಒಂದೇ ಕಾರ್ಖಾನೆಯ ಅಣ್ಣತಮ್ಮಂದಿರಾಗಿರಲೂಬಹುದು.

ಇದರಲ್ಲಿ ಮೋಸ ಏನಿಲ್ಲ, ಲೋಕದ ವ್ಯಾಪಾರವೇ ಹಾಗೆ. ಆದರೆ ಬ್ರಾಂಡ್‌ನ ಹೆಸರಿಗಾಗಿ ಹೆಚ್ಚು ಕೊಡುವ ಹಣ ಮುಖ್ಯವಾಗಿ ಯಾವುದಕ್ಕೆ ಹೋಗಬೇಕು? ಕೆಟ್ಟಾಗ ಬರುವ ಮನುಷ್ಯನಿಗೆ, ಅವನ ಚೀಲದಲ್ಲಿರುವ ಬಿಡಿಭಾಗಕ್ಕೆ. ಇವೆರಡೂ ಊರಿಂದ ಊರಿಗೆ ಬೇರೆ. ಮಂಗಳೂರಿನಲ್ಲಿ ಬೆಳಿಗ್ಗೆ ಫೋನ್ ಮಾಡಿದರೆ ಮರುದಿನ ಮೆಕ್ಯಾನಿಕ್ ಬರುವ ಬ್ರಾಂಡ್, ಗಡಿಯ ಹಳ್ಳಿಯಲ್ಲಿ ಹತ್ತು ದಿನ ಕಾಯಿಸಬಹುದು.

ಹಾಲಹರವಿಗೆ ಇದು ಇನ್ನೂ ಮುಖ್ಯ. ಮನೆ ಆಂಧ್ರದಲ್ಲಿ, ಕೊಳ್ಳುವ ಅಂಗಡಿ ಬಹುಶಃ ಬಳ್ಳಾರಿಯಲ್ಲಿ. ವಾರಂಟಿ ದೇಶಕ್ಕೆಲ್ಲ ಒಂದೇ ಆದರೂ ದೂರು ಕೊಟ್ಟಾಗ ಕಂಪೆನಿ ಮೊದಲು ಕೇಳುವುದು ಪಿನ್‌ಕೋಡ್. ಅದನ್ನು ನೋಡಿ ಯಾವ ಸರ್ವಿಸ್ ಸೆಂಟರ್‌ಗೆ ಕಳಿಸುತ್ತಾರೆ ಎಂಬುದು ಗ್ರಾಹಕನ ಕೈಯಲ್ಲಿಲ್ಲ. ಆದ್ದರಿಂದ ಹಣ ಕೊಡುವ ಮೊದಲು ಅಂಗಡಿಯಲ್ಲೇ ನಿಂತು ಆಯಾ ಕಂಪೆನಿಯ ಗ್ರಾಹಕ ಸಹಾಯ ಸಂಖ್ಯೆಗೆ ಫೋನ್ ಹಚ್ಚಿ ಮನೆಯ ಪಿನ್‌ಕೋಡ್ ಹೇಳಿ ಕೇಳಬೇಕು: ಯಾವ ಊರಿನಿಂದ ಬರುತ್ತೀರಿ, ಬರಲು ಪ್ರತ್ಯೇಕ ಹಣ ಇದೆಯಾ? ಎರಡು ಮೂರು ಬ್ರಾಂಡ್‌ಗೆ ಹೀಗೆ ಕೇಳಿದರೆ ಯಾವುದು ತೆಗೆಯಬೇಕು ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ. ಊರಿನಲ್ಲಿ ಮೊದಲೇ ಎಸಿ ಹಾಕಿಸಿದ ಒಂದು ಕ್ಲಿನಿಕ್ಕೋ ಬ್ಯಾಂಕೋ ಇದ್ದೇ ಇರುತ್ತದೆ. ರಿಪೇರಿಗೆ ಯಾರು ಬರುತ್ತಾರೆ ಎಂದು ಅಲ್ಲಿ ವಿಚಾರಿಸಿದರೆ ಜಾಹೀರಾತಿಗಿಂತ ನಂಬಿಕೆಯ ಉತ್ತರ ಸಿಗುತ್ತದೆ.

ವಾರಂಟಿ ಕಾರ್ಡನ್ನು ಪೂರ್ತಿ ಓದುವವರು ಕಡಿಮೆ. ‘10 ವರ್ಷ ವಾರಂಟಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುವುದು ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ. ಇಡೀ ಯಂತ್ರಕ್ಕೆ ಹೆಚ್ಚಿನವರು ಕೊಡುವುದು ಒಂದು ವರ್ಷ. ಇನ್ವರ್ಟರ್ ಎಸಿಯಲ್ಲಿ ವೋಲ್ಟೇಜ್ ಏರಿಳಿತಕ್ಕೆ ಮೊದಲು ಬಲಿಯಾಗುವುದು ಕಂಪ್ರೆಸರ್ ಅಲ್ಲ, ಒಳಗಿನ ಸರ್ಕ್ಯೂಟ್ ಬೋರ್ಡ್. ಹಲ್ಲಿಯೋ ಇರುವೆಯೋ ಹೊಕ್ಕು ಸುಟ್ಟರೂ ಅದೇ. ಅದಕ್ಕೆ ಎಷ್ಟು ವರ್ಷ, ಗ್ಯಾಸ್ ತುಂಬಿಸುವುದಕ್ಕೆ, ಕೂಲಿಗೆ ಯಾರು ಕೊಡಬೇಕು ಎಂಬುದನ್ನು ಕೇಳಿ ಬಿಲ್‌ನ ಹಿಂದೆ ಬರೆಸಿಕೊಳ್ಳುವುದು ಒಳ್ಳೆಯದು.

ವೋಲ್ಟೇಜ್ ವಿಷಯ ಬಂದದ್ದರಿಂದ ಹೇಳಬೇಕು: ‘ಸ್ಟೆಬಿಲೈಸರ್ ಬೇಕಿಲ್ಲ’ ಎಂದು ಮಾರುವ ಎಸಿಗಳಿಗೂ ಒಂದು ಮಿತಿ ಇದೆ, ಆ ಮಿತಿ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಪೇಟೆಯಲ್ಲಿ ಅದು ಸಾಕು. ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹಳ್ಳಿಯ ಸಾಲಿನಲ್ಲಿ ಮೂರು ಸಾವಿರದ ಸ್ಟೆಬಿಲೈಸರ್ ಹತ್ತು ಸಾವಿರದ ಬೋರ್ಡನ್ನು ಉಳಿಸಬಹುದು. ಅರ್ಥಿಂಗ್ ಸರಿಯಿಲ್ಲದ ಮನೆಗೆ ಮಾತ್ರ ಯಾವ ಸ್ಟೆಬಿಲೈಸರ್ ಕೂಡ ರಕ್ಷಣೆ ಕೊಡುವುದಿಲ್ಲ. ಅದನ್ನು ಮೊದಲು ಸರಿ ಮಾಡಿಸಬೇಕು.

ಸ್ಟಾರ್ ಎಷ್ಟು, ಬಿಲ್ ಎಷ್ಟು

ಎಸಿಯ ಮೇಲಿನ ಬಿಇಇ ಲೇಬಲ್‌ನಲ್ಲಿ ನಕ್ಷತ್ರಗಳ ಜತೆಗೆ ಐಎಸ್‌ಇಇಆರ್ ಎಂಬ ಒಂದು ಸಂಖ್ಯೆ ಇರುತ್ತದೆ. ಅದು ಹೆಚ್ಚಾದಷ್ಟೂ ಕರೆಂಟ್ ಕಡಿಮೆ. ಅದರ ಹತ್ತಿರವೇ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. ಆ ‘ವರ್ಷ’ ಎಂದರೆ 1,600 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ 200 ದಿನ. ಲೆಕ್ಕ ಹಿಡಿದಿರುವ ಹೊರಗಿನ ಬಿಸಿ 24ರಿಂದ 43 ಡಿಗ್ರಿ, ಅದೂ ಇಡೀ ದೇಶದ ಸರಾಸರಿ. ಲೇಬಲ್‌ಗೆ ಹಾಲಹರವಿಯೂ ಗೊತ್ತಿಲ್ಲ, ಉಳ್ಳಾಲವೂ ಗೊತ್ತಿಲ್ಲ.

ಇನ್ನೊಂದು ಎಚ್ಚರಿಕೆ: ಸ್ಟಾರ್ ಲೆಕ್ಕವನ್ನು ಆಗಾಗ ಬಿಗಿ ಮಾಡುತ್ತಾರೆ. 2022ರ ಜುಲೈಯಲ್ಲಿ ಒಮ್ಮೆ, 2026ರ ಜನವರಿಯಲ್ಲಿ ಮತ್ತೊಮ್ಮೆ ಬದಲಾಯಿತು. ಗೋದಾಮಿನಲ್ಲಿ ಉಳಿದ ಹಳೆಯ ‘5 ಸ್ಟಾರ್’ ಹೊಸ ಲೆಕ್ಕದಲ್ಲಿ ಒಂದು ಮೆಟ್ಟಿಲು ಇಳಿದಿರಬಹುದು. ಹಳೆಯ ಸ್ಟಾಕ್ ತೆಗೆಯಬಾರದು ಎಂದಲ್ಲ, ಆದರೆ ಹೊಸದರ ಬೆಲೆ ಕೊಡಬಾರದು. ಲೇಬಲ್ ಯಾವ ಅವಧಿಯದ್ದು ಎಂದು ಅದರ ಮೇಲೇ ಬರೆದಿರುತ್ತದೆ. ನಕ್ಷತ್ರ ಎಣಿಸುವ ಬದಲು ಎರಡು ಮಾಡೆಲ್‌ಗಳ ಐಎಸ್‌ಇಇಆರ್ ಸಂಖ್ಯೆ ಹೋಲಿಸಿದರೆ ಈ ಗೊಂದಲವೇ ಇಲ್ಲ.

ಈಗ ಬಿಲ್. ಹಾಲಹರವಿಯ ಒಂದು ಮನೆಯಲ್ಲಿ ತಿಂಗಳಿಗೆ 110 ಯೂನಿಟ್ ಖರ್ಚಾಗುತ್ತಿದೆ ಎಂದಿಟ್ಟುಕೊಳ್ಳಿ. ರಾತ್ರಿ ಎಂಟು ಗಂಟೆ ಎಸಿ ಓಡಿಸಿದರೆ, ಗಂಟೆಗೆ 0.8 ಯೂನಿಟ್‌ನಂತೆ, ತಿಂಗಳಿಗೆ 192 ಯೂನಿಟ್ ಸೇರುತ್ತದೆ. ಒಟ್ಟು 302. ಆಂಧ್ರದಲ್ಲಿ 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಮೊದಲ 30 ಯೂನಿಟ್‌ಗೆ 1.90 ರೂ., 75ರವರೆಗೆ 3 ರೂ., 125ರವರೆಗೆ 4.50, 225ರವರೆಗೆ 6 ರೂ., ಅದರ ಮೇಲೆ 400ರವರೆಗೆ 8.75. ಅದರಂತೆ 110 ಯೂನಿಟ್‌ಗೆ ಸುಮಾರು 350 ರೂ. ಬರುತ್ತಿದ್ದ ಬಿಲ್ 302ಕ್ಕೆ ಸುಮಾರು 1,690 ರೂ. ಆಗುತ್ತದೆ, ಇತರ ಶುಲ್ಕಗಳು ಬೇರೆ. ಯೂನಿಟ್ ಮೂರು ಪಟ್ಟೂ ಆಗಲಿಲ್ಲ, ಬಿಲ್ ಐದು ಪಟ್ಟಿಗೆ ಹತ್ತಿರ. ಎಸಿಯ ಕೊನೆಯ ಯೂನಿಟ್‌ಗಳು ಬೀಳುವುದು 8.75ರ ಮೆಟ್ಟಿಲಿನಲ್ಲಿ ಎಂಬುದೇ ಕಾರಣ. ಹಾಗಾಗಿ ಅಲ್ಲಿ ಉಳಿಸುವ ಒಂದೊಂದು ಯೂನಿಟ್ ಕೂಡ ದುಬಾರಿ ಯೂನಿಟ್.

ಕರ್ನಾಟಕದ ಓದುಗರಿಗೆ ಲೆಕ್ಕ ಬೇರೆ, ಹೊಡೆತ ಇನ್ನೂ ಜೋರು. ಇಲ್ಲಿ ಸ್ಲ್ಯಾಬ್ ಇಲ್ಲ, ಯೂನಿಟ್‌ಗೆ ಆರು ರೂಪಾಯಿಯ ಆಸುಪಾಸಿನ ಒಂದೇ ದರ. ಆದರೆ 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಹೆಚ್ಚಿನ ಮನೆಗಳ ಬಿಲ್ ಸೊನ್ನೆ. ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಅಷ್ಟು ಉಚಿತ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಸೊನ್ನೆ ಇದ್ದ ಮನೆಗೆ ಏಪ್ರಿಲ್‌ನಲ್ಲಿ ಒಮ್ಮೆಲೇ 1,800 ರೂ. ಮೀರಿದ ಬಿಲ್ ಬಂದಾಗ ಮೀಟರ್ ಕೆಟ್ಟಿದೆ ಎಂದು ಮೆಸ್ಕಾಂ ಕಚೇರಿಗೆ ಓಡುವವರಿದ್ದಾರೆ. ಮೀಟರ್ ಕೆಟ್ಟಿರುವುದಿಲ್ಲ. ಎಸಿ ತಂದ ಮನೆಯವರು ತಿಂಗಳ ನಡುವೆ ಒಮ್ಮೆ ಮೀಟರ್ ಓದಿ 200ರ ಗೆರೆ ಎಷ್ಟು ದೂರ ಇದೆ ಎಂದು ನೋಡಿಕೊಳ್ಳುವುದು ಬ್ರಾಂಡ್ ಹುಡುಕುವುದಕ್ಕಿಂತ ಹೆಚ್ಚು ಉಳಿಸುತ್ತದೆ.

3 ಸ್ಟಾರ್ ಸಾಕೇ, 5 ಬೇಕೇ? ಒಂದೂವರೆ ಟನ್‌ನಲ್ಲಿ ಎರಡರ ನಡುವೆ 1,600 ಗಂಟೆಗೆ ಸುಮಾರು 200 ಯೂನಿಟ್ ವ್ಯತ್ಯಾಸ. ಬೆಲೆಯ ವ್ಯತ್ಯಾಸ ಏಳೆಂಟು ಸಾವಿರ ಎಂದಿಟ್ಟುಕೊಂಡರೆ, ವರ್ಷಕ್ಕೆ ಆರೇಳು ತಿಂಗಳು ರಾತ್ರಿಯಿಡೀ ಎಸಿ ಹಾಕುವ ಕರಾವಳಿಯ ಮನೆಗೆ ಅದು ಆರೇಳು ವರ್ಷದಲ್ಲಿ ಹಿಂದಿರುಗುತ್ತದೆ. ಬೇಸಗೆಯ ಮೂರು ತಿಂಗಳು ಮಲಗುವ ಮುಂಚೆ ಎರಡು ಗಂಟೆ ಹಾಕುವವರಿಗೆ ಯಂತ್ರ ಹಳತಾಗುವವರೆಗೂ ಹಿಂದಿರುಗದು, 3 ಸ್ಟಾರ್ ಧಾರಾಳ ಸಾಕು. ಉಳಿದ ಹಣವನ್ನು ವೈರಿಂಗ್‌ಗೆ ಹಾಕಬಹುದು. 24 ಡಿಗ್ರಿಗೆ ಬದಲು 26ಕ್ಕೆ ಇಟ್ಟು ಫ್ಯಾನ್ ನಿಧಾನಕ್ಕೆ ತಿರುಗಿಸಿದರೆ ಸಿಗುವ ಉಳಿತಾಯ ಒಂದು ಸ್ಟಾರ್‌ನಷ್ಟೇ ದೊಡ್ಡದು. ಒಂದೊಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಉಳಿತಾಯ ಎಂಬುದು ಬಿಇಇ ಲೆಕ್ಕ.

‘ಬಡ್ಡಿ ಇಲ್ಲದ ಇಎಂಐ’ ಬಗ್ಗೆಯೂ ಒಂದು ಮಾತು. ನಗದು ಕೊಟ್ಟರೆ ಸಿಗುವ ರಿಯಾಯಿತಿ ಇಎಂಐಯಲ್ಲಿ ಸಿಗದಿದ್ದರೆ, ಮೇಲೆ ಪ್ರೊಸೆಸಿಂಗ್ ಶುಲ್ಕವೂ ಇದ್ದರೆ, ಬಡ್ಡಿ ಬೇರೆ ಹೆಸರಿನಲ್ಲಿ ಒಳಗೇ ಕುಳಿತಿರುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿಯಿಂದ ದೂರ ಇರಬೇಕು ಎಂದು ಬಯಸುವ ಮನೆಯವರು ನಗದು ಬೆಲೆ, ಕಂತಿನ ಒಟ್ಟು ಮೊತ್ತ, ಎರಡನ್ನೂ ಒಂದೇ ಕಾಗದದಲ್ಲಿ ಬರೆಸಿ ನೋಡಲಿ. ಅಂದಹಾಗೆ 2025ರ ಸೆಪ್ಟೆಂಬರ್ 22ರಿಂದ ಎಸಿಯ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಬಿಲ್‌ನಲ್ಲಿ ಅದು ಕಾಣಬೇಕು.

ಕೂರಿಸುವ ದಿನ

ಒಳ್ಳೆಯ ಎಸಿಯನ್ನು ಎರಡು ಗಂಟೆಯಲ್ಲಿ ಕೆಟ್ಟ ಎಸಿ ಮಾಡಬಹುದು. ಕೂರಿಸುವವರು ತಾಮ್ರದ ಪೈಪ್ ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎರಡನ್ನೂ ಪೂರ್ತಿ ಎಳೆಯಬೇಕು. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷವಾದರೂ ಬೇಕು. ಸೀಸನ್‌ನ ಅವಸರದಲ್ಲಿ ಪಂಪ್ ತರದೆ, ಯಂತ್ರದ ಗ್ಯಾಸ್‌ನಿಂದಲೇ ಒಂದಿಷ್ಟು ಉಸ್ ಎಂದು ಬಿಟ್ಟು “ಆಯ್ತು” ಎನ್ನುವುದು ಎಲ್ಲ ಕಡೆ ಇದೆ. ಗ್ಯಾಸ್ ಅಷ್ಟು ಕಡಿಮೆಯಾಯಿತು, ತೇವ ಒಳಗೇ ಉಳಿಯಿತು. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಗ್ಯಾಸ್ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣದ್ದು ಬೇರೆ. ಬೀಡಿ ಸೇದುತ್ತಾ ಕೆಲಸ ಮಾಡುವ ಮೆಕ್ಯಾನಿಕ್‌ನನ್ನು ತಡೆಯುವುದು ಮನೆಯವರ ಹಕ್ಕು. ಎಸಿಗೆ ಬೋರ್ಡಿನಿಂದ ನೇರವಾಗಿ ಪ್ರತ್ಯೇಕ ದಪ್ಪ ವೈರ್, ಪ್ರತ್ಯೇಕ ಎಂಸಿಬಿ ಇರಬೇಕು. ಗ್ರೈಂಡರ್‌ನ ಪ್ಲಗ್‌ಗೆ ಎಕ್ಸ್‌ಟೆನ್ಶನ್ ಎಳೆದು ಎಸಿ ಹಾಕುವುದು ಬೆಂಕಿಗೆ ಕೊಡುವ ಆಮಂತ್ರಣ.

ಔಟ್‌ಡೋರ್ ಯೂನಿಟ್ ಎಲ್ಲಿ ಎಂಬುದರಲ್ಲಿ ಮತ್ತೆ ಊರುಗಳು ಬೇರೆಯಾಗುತ್ತವೆ. ಹಾಲಹರವಿಯಲ್ಲಿ ಅದನ್ನು ಕಾದ ತಾರಸಿಯ ಮೇಲೆ ಬಿಸಿಲಿಗೆ ಇಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಬಡಗಣ ಗೋಡೆ, ಇಲ್ಲದಿದ್ದರೆ ಮೇಲೊಂದು ನೆರಳು, ಸುತ್ತ ಗಾಳಿಯಾಡಲು ಜಾಗ. ಎರೆಮಣ್ಣಿನ ಧೂಳು, ಹತ್ತಿಯ ನಾರು ಕಾಯಿಲ್‌ಗೆ ಮೆತ್ತಿಕೊಂಡರೆ ಶಾಖ ಹೊರಹೋಗದು. ಬೇಸಗೆಯಲ್ಲಿ ತಿಂಗಳಿಗೊಮ್ಮೆ, ಮೇನ್ ಸ್ವಿಚ್ ಆಫ್ ಮಾಡಿ, ನಿಧಾನ ಹರಿಯುವ ನೀರಿನಿಂದ ತೊಳೆದರೆ ಸಾಕು. ಒಳಗಿನ ಫಿಲ್ಟರ್ ಹದಿನೈದು ದಿನಕ್ಕೊಮ್ಮೆ.

ಕರಾವಳಿಯಲ್ಲಿ ಶತ್ರು ಧೂಳಲ್ಲ, ಉಪ್ಪು. ಉಳ್ಳಾಲ, ಸುರತ್ಕಲ್, ಮಲ್ಪೆಯಂಥ ಕಡೆ ಕಡಲ ಗಾಳಿಗೆ ಮುಖ ಮಾಡಿ ಇಟ್ಟ ಯೂನಿಟ್‌ನ ತಗಡು, ಸ್ಟ್ಯಾಂಡ್, ಸ್ಕ್ರೂ ಕೆಲವೇ ವರ್ಷಗಳಲ್ಲಿ ತುಕ್ಕಿಗೆ ಹೋಗುತ್ತವೆ. ಅಲ್ಲಿ ತಾಮ್ರದ ಕಾಯಿಲ್ ಮತ್ತು ಅದರ ಮೇಲೆ ತುಕ್ಕು ತಡೆಯುವ ಲೇಪ, ಅಂಗಡಿಯವರು ಬ್ಲೂ ಫಿನ್ ಎನ್ನುವುದು, ಇವೆರಡೂ ಇರುವ ಮಾಡೆಲ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ಸರಿ. ಕಡಲಿಗೆ ಬೆನ್ನು ಹಾಕಿದ ಗೋಡೆಯಲ್ಲಿ ಇಡುವುದು, ಆಗಾಗ ಸಿಹಿನೀರಿನಿಂದ ತೊಳೆಯುವುದು ಅದಕ್ಕಿಂತಲೂ ಉಪಯೋಗ.

ಝಳದ ಊರಿನಲ್ಲಿ ಹೊಸ ಎಸಿ ಹಾಕಿದವರನ್ನು ಹೆದರಿಸಿ ಹಣ ಕೀಳುವ ಒಂದು ಮಾತಿದೆ: “ಪೈಪಲ್ಲಿ ನೀರೇ ಬರ್ತಿಲ್ಲ, ಗ್ಯಾಸ್ ಹೋಗಿದೆ.” ಕರಾವಳಿಯಲ್ಲಿ ನೀರು ಬಾರದಿದ್ದರೆ ಅನುಮಾನ ಪಡಬಹುದು. ಏಪ್ರಿಲ್‌ನ ಹಾಲಹರವಿಯ ಗಾಳಿಯಲ್ಲಿ ನೀರಾಗಲು ತೇವ ಬಹಳ ಕಡಿಮೆ, ಆದ್ದರಿಂದ ಪೈಪ್‌ನಲ್ಲಿ ನೀರು ಕಡಿಮೆಯೇ ಬರುತ್ತದೆ, ಕೆಲವೊಮ್ಮೆ ಒಣಗಿಯೂ ಇರಬಹುದು. ಕೋಣೆ ತಣ್ಣಗಾಗುತ್ತಿದ್ದರೆ ಗ್ಯಾಸ್ ಇದೆ. ನಿಜವಾಗಿ ಗ್ಯಾಸ್ ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಸೋರುವ ಜಾಗ ತೋರಿಸದೆ, ಮುಚ್ಚದೆ ಗ್ಯಾಸ್ ತುಂಬಿಸುತ್ತೇನೆ ಎನ್ನುವವನಿಗೆ ದುಡ್ಡು ಕೊಡಬೇಕಾಗಿಲ್ಲ.